ಗಿಟಾರ್ ಮೇಲೆ ಗಿಟಾರ್: ಯಾವ ಪದರಕ್ಕೆ ಯಾವ ಮೈಕ್?

ಒಂದೊಂದಾಗಿ ಕೇಳಿದರೆ ನಾಲ್ಕೂ ಗಿಟಾರ್ ಟ್ರ್ಯಾಕ್ ಚೆನ್ನಾಗಿವೆ. ಒಟ್ಟಿಗೆ ಹಾಕಿದ ಕೂಡಲೇ ಹಾಡು ಮಂಕಾಗುತ್ತದೆ. ಡ್ರಮ್ಮಿನ ಸ್ನೇರ್ ಪೆಟ್ಟು ಕೇಳುವುದಿಲ್ಲ, ಹಾಡುವವರ ಮಾತು ಗೊತ್ತಾಗುವುದಿಲ್ಲ. ಬೇಸ್ ಗಿಟಾರ್ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮನೆಯಲ್ಲಿ ರೆಕಾರ್ಡ್ ಮಾಡುವ ಹುಡುಗರು ಕೇಳಿಸುವ ಬಹುಪಾಲು ಹಾಡುಗಳಲ್ಲಿ ಇದೇ ಕಥೆ. ಆಮೇಲೆ ಬರುವ ಪ್ರಶ್ನೆಯೂ ಒಂದೇ: "ಅಣ್ಣ, ಯಾವ ಮೈಕ್ ತಗೊಳ್ಳಲಿ?"

ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಈ ಪದರಕ್ಕೆ, ಅಂದರೆ ಉಳಿದವುಗಳ ಮೇಲೆ ಪೇರಿಸುವ ಈ ಗಿಟಾರ್ ಟ್ರ್ಯಾಕಿಗೆ, ಹಾಡಿನಲ್ಲಿ ಉಳಿದಿರುವ ಜಾಗ ಎಷ್ಟು? ಆ ಜಾಗದಲ್ಲಿ ಕೂರುವ ಮೈಕ್ ಯಾವುದು? ಮುಂಬೈ ಲೋಕಲ್ ಟ್ರೇನಿನ ಫೋರ್ತ್ ಸೀಟ್ ನಮಗೆಲ್ಲ ಗೊತ್ತು. ಮೂವರ ಸೀಟಿನಲ್ಲಿ ನಾಲ್ಕನೆಯವನು ಕೂರಬೇಕಾದರೆ ಮೂವರೂ ಚೂರು ಸರಿಯಬೇಕು, ನಾಲ್ಕನೆಯವನು ಅರ್ಧ ಸೀಟಿಗೆ ತೃಪ್ತಿಪಡಬೇಕು. ಎಲ್ಲರೂ ಕಾಲು ಚಾಚುತ್ತೇನೆ ಅಂದರೆ ಕಲ್ಯಾಣ್ ಸ್ಟೇಷನ್‌ವರೆಗೂ ಜಗಳ. ಗಿಟಾರ್ ಪದರಗಳೂ ಹಾಗೆಯೇ. ಒಂಟಿಯಾಗಿ ಅದ್ಭುತವಾಗಿ ಕೇಳುವ ಸದ್ದು ನಾಲ್ಕನೇ ಪದರಕ್ಕೆ ಬೇಕಾಗಿಯೇ ಇಲ್ಲ.

ಮುಂಬೈ ಫ್ಲ್ಯಾಟಿನಲ್ಲಿ ಒಂದು ಸಣ್ಣ ಆಂಪ್ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ), ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ), ಒಂದೋ ಎರಡೋ ಮೈಕ್ ಇಟ್ಟುಕೊಂಡು ಹಾಡು ಕಟ್ಟುವವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಸ್ಟುಡಿಯೊದವರಿಗೆ ಇದೆಲ್ಲ ಗೊತ್ತಿರುತ್ತದೆ.

ಮೊದಲು ಕಾಗದ

ಮೈಕ್ ಸ್ಟ್ಯಾಂಡ್ ಬಿಚ್ಚುವ ಮೊದಲು ಹಾಡಿನ ಪಟ್ಟಿ ಬರೆಯಿರಿ. ಪಲ್ಲವಿ, ಚರಣ, ನಡುವಿನ ಸಂಗೀತ, ಕೊನೆ. ಪ್ರತಿಯೊಂದರ ಎದುರು ಎಷ್ಟು ಗಿಟಾರ್, ಅವುಗಳ ಕೆಲಸ ಏನು ಅಂತ ಒಂದೊಂದು ಸಾಲು.

ಒಂದು ಉದಾಹರಣೆ ಹಾಡು ಇಟ್ಟುಕೊಳ್ಳೋಣ, ಕೊನೆಯವರೆಗೂ ಇದನ್ನೇ ಹಿಡಿದು ಹೋಗೋಣ. ಚರಣದಲ್ಲಿ ಒಂದು ಕ್ಲೀನ್ ಗಿಟಾರ್, ತಂತಿ ಬಿಡಿಸಿ ನುಡಿಸುವುದು. ಪಲ್ಲವಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಡಿಸ್ಟಾರ್ಷನ್ ರಿದಂ, ಅಂದರೆ ಸದ್ದು ಒಡೆದು ಕರಕರ ಮಾಡಿ ತಾಳಕ್ಕೆ ನುಡಿಸುವುದು. ಎರಡನೇ ಪಲ್ಲವಿಯಲ್ಲಿ ಅದರ ಮೇಲೆ ಮೇಲಿನ ಸ್ವರಗಳಲ್ಲಿ ಒಂದು ಸಣ್ಣ ಎಳೆ. ಆಮೇಲೆ ಲೀಡ್, ಅಂದರೆ ಗಿಟಾರೇ ಮುಂದೆ ನಿಂತು ಹಾಡುವ ಭಾಗ. ಒಟ್ಟು ಐದು ಪದರ. ಆದರೆ ಒಂದೇ ಹೊತ್ತಿಗೆ ಕೇಳುವುದು ಜಾಸ್ತಿ ಅಂದರೆ ಮೂರು. ಈ ಲೆಕ್ಕ ಕಾಗದದ ಮೇಲೆ ಬಂದರೆ ಅರ್ಧ ತಲೆನೋವು ಹೋಯಿತು.

ಪಟ್ಟಿಯಲ್ಲಿ ಯಾವ ಪದರ ಮುಖ್ಯವೋ ಅದಕ್ಕೆ ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ ಎಡ-ಬಲದ ರಿದಂ ಜೋಡಿ. ಅದನ್ನು ಮೊದಲು ರೆಕಾರ್ಡ್ ಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಗಿಟಾರ್ ಮೇಲೆ ಗಿಟಾರ್ ಪೇರಿಸುವ ಹುಚ್ಚು ಹಳೆಯದು. ಅಮೆರಿಕದ ಲೆಸ್ ಪಾಲ್ 1948ರಲ್ಲೇ ಒಬ್ಬರೇ ಎಂಟು ಗಿಟಾರ್ ಭಾಗ ನುಡಿಸಿ ಒಂದು ರೆಕಾರ್ಡ್ ತಂದಿದ್ದರು, ಅದೂ ಟೇಪ್ ಇಲ್ಲದೆ, ಡಿಸ್ಕ್ ಮೇಲೆ. ಹೊಸ ಪದರ ಸೇರಿಸಿದಾಗಲೆಲ್ಲ ಹಳೆಯದನ್ನೂ ಜೊತೆಗೇ ನಕಲು ಮಾಡಬೇಕಿತ್ತು. ಹಿಂದಕ್ಕೆ ಹೋಗಿ ಒಂದನ್ನು ಮಾತ್ರ ತೆಗೆಯುವ ದಾರಿ ಇರಲಿಲ್ಲ. ನಮಗೆ ಈಗ ಟ್ರ್ಯಾಕಿಗೆ ಲೆಕ್ಕವೇ ಇಲ್ಲ. ಬಹುಶಃ ಅದಕ್ಕೇ ನಾವು ಯೋಚನೆ ಮಾಡದೆ ಪೇರಿಸುತ್ತೇವೆ.

ಹೊತ್ತು, ಜಾಗ, ನೆರೆಹೊರೆ

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಗಿಟಾರ್ ಆಂಪಿನ ಮುಂದೆ ಸುಲಭವಾಗಿ 100 ದಾಟುತ್ತದೆ. ಹಾಗಾಗಿ ಮಧ್ಯಾಹ್ನ 12ರಿಂದ 4ರ ನಡುವೆ, ಜನ ಆಫೀಸಿಗೆ ಹೋಗಿರುವಾಗ, ಕೆಲಸ ಮುಗಿಸಿ. ಪಕ್ಕದ ಮನೆಗೆ ಒಮ್ಮೆ ಮುಂಚೆಯೇ ಹೇಳಿಬಿಡಿ: "ಆಂಟಿ, ನಾಳೆ ಒಂದೆರಡು ಗಂಟೆ ಸದ್ದು ಆಗ್ತದೆ, ಮಗು ಮಲಗೋ ಹೊತ್ತು ಯಾವುದು ಹೇಳಿ." ಸೊಸೈಟಿ ಸೆಕ್ರೆಟರಿ ಬಾಗಿಲು ತಟ್ಟುವುದು ಇದರಿಂದಲೇ ತಪ್ಪುತ್ತದೆ.

ಆಂಪ್ ಸಣ್ಣದಿರಲಿ. 50 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ ಕಮ್ಮಿಯಾಗುವುದು 10 ಡೆಸಿಬಲ್. ಕಿವಿಗೆ ಸುಮಾರು ಅರ್ಧ ಸದ್ದು ಅನ್ನಿಸುತ್ತದೆ, ಅಷ್ಟೇ. ಅಂದರೆ 5 ವ್ಯಾಟ್ ವಾಲ್ವ್ ಆಂಪ್ ಕೂಡ ಒಂದು ಬೆಡ್‌ರೂಮಿಗೆ ಧಾರಾಳ. ಅದನ್ನು ನೆಲದ ಮೇಲೆ ಇಡಬೇಡಿ. ಗಟ್ಟಿಯಾದ ಸ್ಟೂಲ್ ಮೇಲೆ, ಕೆಳಗೆ ದಪ್ಪ ಫೋಮ್ ಅಥವಾ ಮಡಚಿದ ರಜಾಯಿ ಹಾಕಿ. ಕೆಳಗಿನ ಮನೆಯವರ ಸೀಲಿಂಗಿಗೆ ಗುದ್ದುವುದು ಕಮ್ಮಿಯಾಗುತ್ತದೆ, ನೆಲದಿಂದ ಎದ್ದು ಬರುವ ಕೆಳಗಿನ ಗುಂಯ್ ಕೂಡ ಇಳಿಯುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಆಂಪನ್ನು ಆ ಕಡೆಗೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಚಿಕ್ಕ ರೂಮಿನ ಪ್ರತಿಧ್ವನಿ ಗಿಟಾರಿಗೆ ಒಂದಿಷ್ಟೂ ಶೋಭೆ ತರುವುದಿಲ್ಲ. ಐದು ಪದರದಲ್ಲಿ ಅದೇ ರೂಮು ಐದು ಸಲ ಕೂತರೆ ಡಬ್ಬದೊಳಗೆ ನುಡಿಸಿದ ಹಾಗಿರುತ್ತದೆ.

ಫ್ಯಾನ್ ಆಫ್. ಹೌದು, ಬೆವರು ಸುರಿಯುತ್ತದೆ. ಟ್ಯೂಬ್‌ಲೈಟ್, ಡಿಮ್ಮರ್, ಫೋನ್ ಚಾರ್ಜರ್ ಕೂಡ ಆಫ್ ಮಾಡಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ ಭಾಗ) ಇರುವ ಗಿಟಾರಿಗೆ ನಮ್ಮ 50 ಹರ್ಟ್ಝ್ ಕರೆಂಟಿನ ಹಮ್ ಬೇಗ ಅಂಟಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತು ನಿಧಾನ ಸುತ್ತು ತಿರುಗಿ, ಒಂದು ದಿಕ್ಕಿನಲ್ಲಿ ಹಮ್ ಕಮ್ಮಿಯಾಗುತ್ತದೆ. ಅಲ್ಲೇ ಕೂತು ನುಡಿಸಿ. ಒಂದು ಪದರದಲ್ಲಿ ಲೆಕ್ಕಕ್ಕಿಲ್ಲದ ಹಮ್ ಐದು ಪದರದಲ್ಲಿ ಹಾಡು ನಿಂತಾಗಲೆಲ್ಲ ಕೇಳುತ್ತದೆ.

ಗಿಟಾರಿನಿಂದ ಆಂಪಿಗೆ ಹೋಗುವ ದಾರಿಯಲ್ಲಿ ಸಿಗ್ನಲ್ಲನ್ನು ಎರಡು ದಾರಿಗೆ ಕಳಿಸುವ ಒಂದು ಡಿಐ ಬಾಕ್ಸ್ ಹಾಕಿ, ಬರೀ ಗಿಟಾರಿನ ಸಿಗ್ನಲ್ಲನ್ನೂ ಎರಡನೇ ಇನ್‌ಪುಟ್ಟಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಳ್ಳೆಯ ಟೇಕ್ ನಡುವೆ ಹೊರಗೆ ಪ್ರೆಷರ್ ಹಾರ್ನ್ ಕೂಗಿದರೂ ನುಡಿಸಿದ್ದು ಉಳಿಯುತ್ತದೆ. ಆಮೇಲೆ ಬೇರೆ ಆಂಪಿಗೆ ಕಳಿಸಬಹುದು.

ಮೈಕುಗಳ ಪೈಕಿ

ಶ್ಯೂರ್ ಎಸ್‌ಎಂ57 ಇಲ್ಲದೆ ಈ ಮಾತು ಶುರುವಾಗುವುದಿಲ್ಲ. 1965ರಿಂದ ಇದೆ. ಡೈನಾಮಿಕ್ ಮೈಕ್, ಫ್ಯಾಂಟಮ್ ಕರೆಂಟ್ (ಇಂಟರ್‌ಫೇಸ್ ಮೈಕಿಗೆ ಕೊಡುವ 48 ವೋಲ್ಟ್) ಬೇಡ, ಎಷ್ಟೇ ಸದ್ದಿಗೂ ಹೆದರುವುದಿಲ್ಲ, ಕೈಜಾರಿ ಬಿದ್ದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರ ಗುಣ ಎರಡು ಮಾತಿನಲ್ಲಿ: 200 ಹರ್ಟ್ಝ್‌ನಿಂದ ಕೆಳಗೆ ನಿಧಾನವಾಗಿ ಇಳಿಯುತ್ತದೆ, 5-6 ಕಿಲೋಹರ್ಟ್ಝ್ ಹತ್ತಿರ ಎದ್ದು ನಿಲ್ಲುತ್ತದೆ. ಆ ಉಬ್ಬಿನಿಂದಲೇ ಡಿಸ್ಟಾರ್ಷನ್ ಗಿಟಾರ್ ಡ್ರಮ್, ಬೇಸ್ ನಡುವೆಯೂ ಕಚ್ಚಿಕೊಂಡು ಕೇಳುತ್ತದೆ. ಆದರೆ ಐದು ಪದರಕ್ಕೂ ಇದೇ ಮೈಕ್, ಇದೇ ಜಾಗ ಅಂದರೆ ಅದೇ ಉಬ್ಬು ಐದು ಸಲ ಒಂದರ ಮೇಲೊಂದು ಕೂತು ಕಿವಿ ಕೊರೆಯುತ್ತದೆ. ಆಗ ಮೈಕನ್ನು ಬೈಯುವ ಮೊದಲು ಜಾಗ ಬದಲಿಸಿ ನೋಡಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸೆನ್‌ಹೈಸರ್ ಎಂಡಿ 421 ಇದಕ್ಕಿಂತಲೂ ಹಳೆಯದು, 1960ರದು. ಇದೂ ಡೈನಾಮಿಕ್, ಆದರೆ ಮೈ ತುಂಬಿದ ಸದ್ದು. ಹಿಂದೆ ಐದು ಹಂತದ ಬೇಸ್ ಸ್ವಿಚ್ ಇದೆ. ಪದರದ ಕೆಲಸಕ್ಕೆ ಈ ಸ್ವಿಚ್ ಬಹಳ ಉಪಯೋಗ: ರಿದಂ ತೆಗೆಯುವಾಗ ಬೇಸ್ ಇಳಿಸದೆ ಪೂರ್ತಿ ಇರಲಿ, ಮೇಲಿನ ಎಳೆ ತೆಗೆಯುವಾಗ ಒಂದೆರಡು ಹಂತ ಇಳಿಸಿ. ಲೀಡಿಗೆ ನನ್ನ ಮೊದಲ ಆಯ್ಕೆ ಇದು. 57ಕ್ಕೆ ಕಚ್ಚುವ ಗುಣ ಇದೆ, ಇದಕ್ಕೆ ಹಾಡುವ ಗುಣ ಇದೆ ಅನ್ನಿಸುತ್ತದೆ ನನಗೆ.

ಅದೇ ಕಂಪನಿಯ ಇ906 ಚಪ್ಪಟೆ ಮೈಕ್, ಕ್ಯಾಬಿನೆಟ್ಟಿಗೆ, ಅಂದರೆ ಸ್ಪೀಕರ್ ಪೆಟ್ಟಿಗೆಗೆ, ಅಂಟಿಕೊಂಡು ನಿಲ್ಲುತ್ತದೆ. ಮೂರು ಹಂತದ ಸ್ವಿಚ್ಚಿನಲ್ಲಿ ಸದ್ದನ್ನು ಹೊಳಪು, ಸಾಮಾನ್ಯ, ಮಬ್ಬು ಅಂತ ಬದಲಿಸಬಹುದು. ಒಂದೇ ಮೈಕಿನಲ್ಲಿ ಮೂರು ಪದರಕ್ಕೆ ಮೂರು ಮುಖ. ಬಜೆಟ್ ಕಮ್ಮಿ ಇರುವವರಿಗೆ 57ರ ಜೊತೆಗೆ ಎರಡನೆಯದಾಗಿ ಇದನ್ನೇ ಹೇಳುತ್ತೇನೆ.

ರಿಬ್ಬನ್ ಮೈಕಿನ ಮಾತೇ ಬೇರೆ. ಒಳಗೆ ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಹಾಳೆ. ಮೇಲಿನ ಸದ್ದು ಮೆತ್ತಗೆ ಇಳಿಯುತ್ತದೆ, ಡಿಸ್ಟಾರ್ಷನ್ನಿನ ಕರಕರ ಹೋಗಿ ಮೈ ಉಳಿಯುತ್ತದೆ. 57ರ ಪದರದ ಪಕ್ಕದಲ್ಲಿ ರಿಬ್ಬನ್ ಪದರ ಇಟ್ಟರೆ ಎರಡಕ್ಕೂ ಜಗಳವೇ ಇಲ್ಲ, ಒಂದು ಮೇಲೆ ಇನ್ನೊಂದು ಕೆಳಗೆ. ಗಿಟಾರಿಗೆ ರಿಬ್ಬನ್ ಅಂದರೆ ಈಗ ಎಲ್ಲರ ಬಾಯಲ್ಲಿ ಬರುವುದು ರಾಯರ್ ಆರ್-121. 1998ರಲ್ಲಿ ಬಂತು, 135 ಡೆಸಿಬಲ್‌ವರೆಗೆ ತಡೆಯುತ್ತದೆ, ಬೆಲೆ ಮಾತ್ರ ಲಕ್ಷದ ಮಾತು. ಅದರಲ್ಲೊಂದು ಗುಟ್ಟಿದೆ. ಹಾಳೆ ಒಳಗೆ ಸರಿಯಾಗಿ ನಡುವೆ ಇಲ್ಲ, ಮುಂದಕ್ಕೆ ಸರಿದಿದೆ. ಆದ್ದರಿಂದ ಆಂಪಿಗೆ ಹತ್ತಿರ ಇಟ್ಟಾಗ ಹಿಂಬದಿಯನ್ನು ತಿರುಗಿಸಿದರೆ ಸದ್ದು ಹೊಳಪಾಗುತ್ತದೆ. ಒಂದು ಮೈಕ್, ಎರಡು ಪದರಕ್ಕೆ ಎರಡು ಬಣ್ಣ. ಹಿಂಬದಿ ಬಳಸಿದಾಗ ಪೋಲಾರಿಟಿ ತಿರುಗಿರುತ್ತದೆ, ಅಂದರೆ ಸದ್ದಿನ ಅಲೆ ತಲೆಕೆಳಗಾಗಿರುತ್ತದೆ, ರೆಕಾರ್ಡ್ ಆದಮೇಲೆ ಸರಿಮಾಡಿಕೊಳ್ಳಿ.

ರಿಬ್ಬನ್ ಹೆಚ್ಚಾಗಿ ಎಂಟರ ಆಕಾರದಲ್ಲಿ ಕೇಳಿಸಿಕೊಳ್ಳುತ್ತದೆ, ಅಂದರೆ ಮುಂದೆಯೂ ಹಿಂದೆಯೂ. ಹಿಂದೆ ಇರುವುದು ನಿಮ್ಮ ಹತ್ತು ಅಡಿ ರೂಮು. ಮೈಕಿನ ಹಿಂದೆ ಒಂದು ದಪ್ಪ ಕಂಬಳಿ ನೇತುಹಾಕದೆ ರಿಬ್ಬನ್ ಬಳಸಬೇಡಿ. ಬೇಯರ್‌ಡೈನಾಮಿಕ್ ಎಂ160 ಮಾತ್ರ ಇದಕ್ಕೆ ಹೊರತು. ಎರಡು ರಿಬ್ಬನ್ ಇದ್ದರೂ ಮುಂದಿನದನ್ನೇ ಹಿಡಿಯುತ್ತದೆ. ಸಣ್ಣ ರೂಮಿಗೆ ಅದು ಚೆನ್ನ.

ಕಂಡೆನ್ಸರ್, ಅಂದರೆ ಫ್ಯಾಂಟಮ್ ಕರೆಂಟ್ ಬೇಕಾದ ಸೂಕ್ಷ್ಮ ಮೈಕ್, ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ, ಹಾಡಲು ತಂದಿದ್ದು. ಅದನ್ನು ಆಂಪಿನ ಮುಂದೆ ಇಟ್ಟರೆ ಹಾಳಾಗುತ್ತದಾ ಅಂತ ಕೇಳುತ್ತಾರೆ. ಎಷ್ಟು ಸದ್ದು ತಡೆಯುತ್ತದೆ ಅಂತ ಅದರ ಪೇಪರಿನಲ್ಲೇ ಬರೆದಿರುತ್ತದೆ. ಆಡಿಯೊ-ಟೆಕ್ನಿಕಾ ಎಟಿ2020ಗೆ ಅದು 144 ಡೆಸಿಬಲ್. 5 ವ್ಯಾಟ್ ಆಂಪಿಗೆ ಹೆದರಬೇಕಾಗಿಲ್ಲ. ತೊಂದರೆ ಇನ್ನೊಂದು ಕಡೆ: ಕಂಡೆನ್ಸರ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಕುಕ್ಕರ್ ಸೀಟಿ, ಕಾಗೆ, ಕೆಳಗಿನ ವಾಚ್‌ಮನ್‌ನ ರೇಡಿಯೊ. ಡಿಸ್ಟಾರ್ಷನ್ನಿನ ಮೇಲಿನ ಕರಕರವನ್ನೂ ಬಿಡುವುದಿಲ್ಲ. ಕ್ಲೀನ್ ಗಿಟಾರಿಗೆ ಮಾತ್ರ ಇದು ಬಂಗಾರ. ತಂತಿಯ ಮೇಲೆ ಬೆರಳು ಸರಿಯುವುದೂ ಕೇಳುತ್ತದೆ, ಚರಣದಲ್ಲಿ ಅದೇ ಬೇಕು ಅಲ್ವಾ?

ಎಲ್ಲಿ ಇಡುವುದು

ಇಲ್ಲಿ ನಿಧಾನವಾಗಿ ಓದಿ. ಎರಡು ಇಂಚು ಸರಿಸಿದರೆ ಆಗುವ ಬದಲಾವಣೆ ಎಷ್ಟೋ ಸಲ ಹೊಸ ಮೈಕ್ ತಂದರೂ ಆಗುವುದಿಲ್ಲ.

ಮೊಬೈಲ್ ಟಾರ್ಚ್ ಹಚ್ಚಿ ಆಂಪಿನ ಬಟ್ಟೆಯ ಮೂಲಕ ಸ್ಪೀಕರ್ ಎಲ್ಲಿದೆ ನೋಡಿ. ನಡುವೆ ಒಂದು ಗುಂಡಗಿನ ಮುಚ್ಚಳ ಕಾಣುತ್ತದೆ, ಡಸ್ಟ್ ಕ್ಯಾಪ್. ಅದರ ಸುತ್ತ ಕಾಗದದ ಕೋನ್. ಕ್ಯಾಪಿನ ಅಂಚು ಎಲ್ಲಿ ಬರುತ್ತದೆ ಅಂತ ಬಟ್ಟೆಯ ಮೇಲೆ ಸಣ್ಣ ಟೇಪ್ ತುಂಡು ಅಂಟಿಸಿ. ಸ್ಪೀಕರಿನ ನಡುಮಧ್ಯದಲ್ಲಿ ಸದ್ದು ತುಂಬಾ ಚೂಪು. ಅಂಚಿನ ಕಡೆಗೆ ಹೋದಂತೆ ಮಬ್ಬಾಗುತ್ತ, ದಪ್ಪವಾಗುತ್ತ ಹೋಗುತ್ತದೆ. ಕ್ಯಾಪ್ ಮತ್ತು ಕೋನ್ ಸೇರುವ ಜಾಗದಿಂದ ಶುರುಮಾಡಿ. ಬಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರ, ಮೈಕ್ ನೇರವಾಗಿ.

ಒಬ್ಬರೇ ಇದ್ದರೆ ಹೀಗೆ ಮಾಡಿ. ಗಿಟಾರ್ ಮುಟ್ಟದೆ ಆಂಪಿನ ಗೇನ್ ಏರಿಸಿ, ಬರೀ ಹಿಸ್ ಬರಲಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಮೆಲ್ಲಗೆ ಅಡ್ಡಕ್ಕೆ ಸರಿಸಿ. ಹಿಸ್ ಎಲ್ಲಿ ಚೂಪಾಗುತ್ತದೆ, ಎಲ್ಲಿ ಮೆತ್ತಗಾಗುತ್ತದೆ ಸ್ಪಷ್ಟವಾಗಿ ಕೇಳುತ್ತದೆ. ಇಬ್ಬರಿದ್ದರೆ ಇನ್ನೂ ಸುಲಭ, ಒಬ್ಬರು ನುಡಿಸುವುದು, ಒಬ್ಬರು ಸರಿಸುವುದು. ನನ್ನ ಗೆಳೆಯನೊಬ್ಬ, ಮೂಲ್ಕಿ ಕಡೆಯವನು, ಮೈಕ್ ಸರಿಸುವವನಿಗೆ ಕೂಗುತ್ತಿದ್ದ: "ಸಾಕು ಮಾರಾಯ, ಅಲ್ಲೇ ಬಿಡು, ಮುಟ್ಟಬೇಡ!" ಆ ಕೂಗು ಬಂದ ಜಾಗಕ್ಕೆ ಟೇಪ್ ಹಚ್ಚಿ ಫೋಟೊ ತೆಗೆದಿಡಿ. ಮುಂದಿನ ಭಾನುವಾರ ಒಂದು ಸಾಲು ಮತ್ತೆ ನುಡಿಸಬೇಕಾಗಿ ಬಂದರೆ ಆ ಫೋಟೊ ಬೇಕೇ ಬೇಕು.

ದೂರದ ಲೆಕ್ಕವೂ ಇದೆ. ಇಂಥ ಮೈಕುಗಳು ಹತ್ತಿರ ಹೋದಷ್ಟೂ ಕೆಳಗಿನ ಸ್ವರವನ್ನು ಉಬ್ಬಿಸುತ್ತವೆ. ಒಂದೇ ಗಿಟಾರಿದ್ದರೆ ಆ ಉಬ್ಬು ಖುಷಿ ಕೊಡುತ್ತದೆ. ಪದರ ಮೂರಾದಾಗ ಅದೇ ಕೆಸರು. ಹಾಗಾಗಿ ಮುಖ್ಯ ರಿದಂಗೆ ಮಾತ್ರ ಮೈಕ್ ಹತ್ತಿರ ಇರಲಿ. ಮೇಲಿನ ಪದರಗಳಿಗೆ ಹತ್ತು ಹದಿನೈದು ಸೆಂಟಿಮೀಟರ್ ಹಿಂದೆ ಎಳೆಯಿರಿ. ಈಕ್ಯೂ (ಸ್ವರಗಳ ಮೇಲುಭಾಗ-ಕೆಳಭಾಗ ಏರಿಳಿಸುವ ಗುಂಡಿ) ಮುಟ್ಟದೆಯೇ ಅವು ತೆಳ್ಳಗಾಗಿ ಬಂದು ಕೂರುತ್ತವೆ.

ಕ್ಯಾಬಿನೆಟ್ಟಿನಲ್ಲಿ ನಾಲ್ಕು ಸ್ಪೀಕರ್ ಇದ್ದರೆ ನಾಲ್ಕಕ್ಕೂ ಮೈಕ್ ಹಿಡಿದು ಕೇಳಿ. ಒಂದೇ ಮಾಡೆಲ್ ಆದರೂ ಒಂದೊಂದರ ಸದ್ದು ಒಂದೊಂದು ತರ. ಹೊಸ ಪದರಕ್ಕೆ ಹೊಸ ಸ್ಪೀಕರ್, ಒಂದು ರೂಪಾಯಿ ಖರ್ಚಿಲ್ಲ.

ಪದರ ಕಟ್ಟುವುದು

ಈಗ ನಮ್ಮ ಉದಾಹರಣೆ ಹಾಡಿಗೆ ಬರೋಣ.

ಎಡ-ಬಲದ ರಿದಂ ಜೋಡಿಗೆ 57, ಕ್ಯಾಪಿನ ಅಂಚಿನಲ್ಲಿ, ಹತ್ತಿರ. ಎರಡೂ ಬದಿ ನಿಜವಾಗಿ ಎರಡು ಸಲ ನುಡಿಸಬೇಕು. ಒಂದನ್ನು ನಕಲು ಮಾಡಿ ಎಡಕ್ಕೂ ಬಲಕ್ಕೂ ಹಾಕಿದರೆ ಸದ್ದು ಜಾಸ್ತಿಯಾಗುತ್ತದೆಯೇ ಹೊರತು ಅಗಲ ಬರುವುದಿಲ್ಲ, ನಡುವಿನಲ್ಲೇ ಕೂತಿರುತ್ತದೆ. ಎರಡು ಸಲ ನುಡಿಸಿದಾಗ ಆಗುವ ಕೂದಲೆಳೆಯ ವ್ಯತ್ಯಾಸದಿಂದಲೇ ಅಗಲ ಹುಟ್ಟುವುದು. ಮೈಕ್ ಎರಡಕ್ಕೂ ಒಂದೇ ಇರಲಿ ಅನ್ನುವುದು ನನ್ನ ಪಕ್ಷ. ಎಡಕ್ಕೊಂದು ಮೈಕ್ ಬಲಕ್ಕೊಂದು ಮೈಕ್ ಅಂದರೆ ಕೆಲವೊಮ್ಮೆ ಹಾಡು ಒಂದು ಕಡೆಗೆ ವಾಲಿದ ಹಾಗೆ ಕೇಳುತ್ತದೆ. ವ್ಯತ್ಯಾಸ ಬೇಕಿದ್ದರೆ ಗಿಟಾರ್ ಬದಲಿಸಿ, ಅಥವಾ ಬಲಗಡೆಯದನ್ನು ಬೇರೆ ಪಿಕಪ್ಪಿನಲ್ಲಿ ನುಡಿಸಿ.

ಇನ್ನೊಂದು: ಡಿಸ್ಟಾರ್ಷನ್ ಕಮ್ಮಿ ಇಡಿ. ಒಂಟಿಯಾಗಿ ನುಡಿಸುವಾಗ ಬೇಕೆನಿಸುವುದಕ್ಕಿಂತ ಕಾಲು ಭಾಗ ಇಳಿಸಿ. ಎರಡು, ನಾಲ್ಕು ಪದರ ಸೇರಿದಾಗ ಡಿಸ್ಟಾರ್ಷನ್ ತಾನೇ ದಪ್ಪವಾಗುತ್ತದೆ. ಮೊದಲೇ ತುಂಬಿಸಿದರೆ ಬಲಗೈಯ ಪೆಟ್ಟು ಎಲ್ಲೂ ಕೇಳುವುದಿಲ್ಲ. ಇದನ್ನು ಹೇಳಿದರೆ ಮೆಟಲ್ ಹುಡುಗರು ಮುಖ ಸಣ್ಣ ಮಾಡುತ್ತಾರೆ, ಕೇಳಿದಮೇಲೆ ಒಪ್ಪುತ್ತಾರೆ.

ಚರಣದ ಕ್ಲೀನ್ ಗಿಟಾರಿಗೆ ಕಂಡೆನ್ಸರ್, ಮೂವತ್ತು ನಲವತ್ತು ಸೆಂಟಿಮೀಟರ್ ಹಿಂದೆ. ಹಾಡಿನಲ್ಲಿ ಅದು ಒಂಟಿ, ಹಾಗಾಗಿ ಜಾಗದ ಚಿಂತೆ ಇಲ್ಲ.

ಎರಡನೇ ಪಲ್ಲವಿಯ ಮೇಲಿನ ಎಳೆ ಫೋರ್ತ್ ಸೀಟಿನವನು. ಇವನಿಗೆ ಕಚ್ಚುವ ಮೈಕ್ ಬೇಡ, ಆ ಜಾಗವನ್ನು ರಿದಂ ಜೋಡಿ ಹಿಡಿದಾಗಿದೆ. ರಿಬ್ಬನ್ ಇದ್ದರೆ ರಿಬ್ಬನ್. ಇಲ್ಲದಿದ್ದರೆ ಇ906 ಅನ್ನು ಮಬ್ಬು ಸ್ವಿಚ್ಚಿಗೆ ಹಾಕಿ. ಅದೂ ಇಲ್ಲವಾ? ಅದೇ 57 ಅನ್ನು ಕೋನಿನ ಅಂಚಿಗೆ ಸರಿಸಿ, 45 ಡಿಗ್ರಿ ಓರೆ ಮಾಡಿ, ಒಂದು ಗೇಣು ಹಿಂದೆ ಇಡಿ. ಒಂಟಿಯಾಗಿ ಕೇಳಿದರೆ ಮಂಕಾಗಿ, ಪೆಚ್ಚಾಗಿ ಇರುತ್ತದೆ. ಆ ಒಂದೇ ಟ್ರ್ಯಾಕ್ ಕೇಳಿಸುವ ಸೋಲೊ ಬಟನ್ ಒತ್ತಬೇಡಿ. ಹಾಡಿನ ಜೊತೆಯಲ್ಲೇ ಕೇಳಿ ತೀರ್ಮಾನ ಮಾಡಿ.

ಲೀಡಿಗೆ 421, ಹಾಡಿನಲ್ಲಿ ಎಡ-ಬಲಗಳ ನಡುವೆ ಕೂರಿಸಿ. ಲೀಡ್ ನುಡಿಯುವಾಗ ಹಾಡುವವರು ಸುಮ್ಮನಿರುತ್ತಾರೆ, ಅವರ ಜಾಗ ಖಾಲಿ. ಅಲ್ಲಿ ಧಾರಾಳವಾಗಿ ಕೂರಬಹುದು.

ಲೆವೆಲ್ ಬಗ್ಗೆ ಒಂದೇ ಮಾತು: 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮೀಟರಿನ ತುದಿ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ. ಕೆಂಪು ದೀಪಕ್ಕೆ ಮುಟ್ಟಿಸುವ ಅಗತ್ಯ ಈಗ ಇಲ್ಲ.

ಎರಡು ಮೈಕ್ ಒಟ್ಟಿಗೆ ಇಡುವವರಿಗೆ

ಒಂದೇ ಪದರಕ್ಕೆ ಎರಡು ಮೈಕ್ ಇಡುವ ಆಸೆ ಎಲ್ಲರಿಗೂ ಬರುತ್ತದೆ. 57 ಜೊತೆ ರಿಬ್ಬನ್ ಅಂದರೆ ಹಳೇ ಜೋಡಿ. ಮುಖ್ಯ ರಿದಂ ಜೋಡಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಐದೂ ಪದರಕ್ಕೆ ಎರಡೆರಡು ಮೈಕ್ ಇಟ್ಟರೆ ಹತ್ತು ಟ್ರ್ಯಾಕ್, ಹತ್ತೂ ಒಂದಕ್ಕೊಂದು ಕತ್ತರಿ ಹಾಕುತ್ತವೆ.

ಕತ್ತರಿ ಹೇಗೆ ಬೀಳುತ್ತದೆ ನೋಡಿ. ನಮ್ಮ ಸೆಕೆಯಲ್ಲಿ, 30 ಡಿಗ್ರಿ ಅಂದುಕೊಳ್ಳಿ, ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 35 ಸೆಂಟಿಮೀಟರ್ ಓಡುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ 17.5 ಸೆಂಟಿಮೀಟರ್ ಹಿಂದಿದ್ದರೆ ಅರ್ಧ ಮಿಲಿಸೆಕೆಂಡ್ ತಡ. ಎರಡನ್ನೂ ಸಮವಾಗಿ ಸೇರಿಸಿದಾಗ 1 ಕಿಲೋಹರ್ಟ್ಝ್‌ನಲ್ಲಿ ಒಂದು ಹಳ್ಳ ಬೀಳುತ್ತದೆ, ಆಮೇಲೆ 3ರಲ್ಲಿ, 5ರಲ್ಲಿ. ಗಿಟಾರಿನ ಜೀವ ಇರುವುದೇ ಆ ಭಾಗದಲ್ಲಿ. ವ್ಯತ್ಯಾಸ 3.5 ಸೆಂಟಿಮೀಟರ್ ಇದ್ದರೂ 5 ಕಿಲೋಹರ್ಟ್ಝ್‌ನಲ್ಲಿ ಮೊದಲ ಹಳ್ಳ. ಅದಕ್ಕೇ ಎರಡೂ ಮೈಕಿನ ಒಳಗಿನ ಪೊರೆ, ಅಂದರೆ ಸದ್ದು ಹಿಡಿಯುವ ಭಾಗ, ಸ್ಪೀಕರಿನಿಂದ ಒಂದೇ ದೂರದಲ್ಲಿರಬೇಕು. ಮೈಕಿನ ಮೂತಿ ಒಂದೇ ಸಾಲಿನಲ್ಲಿದ್ದರೆ ಸಾಲದು. 57ರಲ್ಲಿ ಅದು ಮೂತಿಯ ಹತ್ತಿರವೇ ಇದೆ, ದಪ್ಪ ರಿಬ್ಬನ್ ಮೈಕಿನಲ್ಲಿ ಮೈಯ ನಡುವೆ ಇರುತ್ತದೆ.

ಸರಿಯಾಯಿತಾ ಅಂತ ತಿಳಿಯುವುದು ಹೀಗೆ. ಒಂದು ಮೈಕಿನ ಪೋಲಾರಿಟಿ ತಿರುಗಿಸಿ, ಎರಡರ ಸದ್ದನ್ನೂ ಸಮ ಮಾಡಿ, ನುಡಿಸುತ್ತಾ ಒಂದು ಮೈಕನ್ನು ಹಿಂದೆ ಮುಂದೆ ಸರಿಸಿ. ಸದ್ದು ಎಲ್ಲಿ ಅತಿ ತೆಳ್ಳಗೆ, ಟೊಳ್ಳಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಈಗ ಪೋಲಾರಿಟಿ ಮೊದಲಿನಂತೆ ಮಾಡಿ. ಮೈ ತುಂಬಿಕೊಂಡು ಬರುತ್ತದೆ.

ಎರಡು 57 ಇದ್ದವರಿಗೆ ಇನ್ನೊಂದು ದಾರಿ: ಒಂದು ನೇರವಾಗಿ ಕ್ಯಾಪಿನ ಹತ್ತಿರ, ಇನ್ನೊಂದು ಅದರ ಪಕ್ಕದಲ್ಲೇ 45 ಡಿಗ್ರಿ ಓರೆಯಾಗಿ. ಸ್ವೀಡನ್ನಿನ ಸ್ಟುಡಿಯೊ ಫ್ರೆಡ್‌ಮನ್‌ನಿಂದ ಬಂದ ಪದ್ಧತಿ, ಅದಕ್ಕೇ ಮೆಟಲ್‌ನವರು ಫ್ರೆಡ್‌ಮನ್ ಅನ್ನುತ್ತಾರೆ. ಎರಡರ ಪ್ರಮಾಣ ಬದಲಿಸಿದರೆ ಹೊಳಪು ಏರಿಸಬಹುದು, ಇಳಿಸಬಹುದು. ರೆಕಾರ್ಡ್ ಆದ ಮೇಲೆ ಎರಡನ್ನೂ ಸೇರಿಸಿ ಒಂದೇ ಟ್ರ್ಯಾಕ್ ಮಾಡಿಬಿಡಿ. ಆಮೇಲೆ ನೋಡೋಣ ಅಂತ ಬಿಟ್ಟರೆ ಆ ಆಮೇಲೆ ಬರುವುದೇ ಇಲ್ಲ.

ಕೇಳಿ ನೋಡುವುದು

ಮೊದಲು ಎಲ್ಲವನ್ನೂ ಮೋನೊ ಮಾಡಿ, ಅಂದರೆ ಎಡ-ಬಲ ಒಂದಾಗಿಸಿ, ಕೇಳಿ. ಎಡ-ಬಲದ ಗಿಟಾರ್ ಮೋನೊದಲ್ಲಿ ಕರಗಿ ಹೋದರೆ ಎಲ್ಲೋ ಫೇಸ್, ಅಂದರೆ ಅಲೆಗಳ ಹೊಂದಿಕೆ, ತಪ್ಪಿದೆ. ಹಾಡು ಬಿಡುಗಡೆಯಾದ ಮೇಲೆ ಎಷ್ಟೋ ಜನ ಕೇಳುವುದು ಫೋನಿನ ಸಣ್ಣ ಸ್ಪೀಕರಿನಲ್ಲೇ, ಹಾಗಾಗಿ ಫೋನಿನಲ್ಲೂ ಹಾಕಿ ಕೇಳಿ.

ಆಮೇಲೆ ಕೆಳಭಾಗ ಕತ್ತರಿಸಿ. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಝ್. ರಿದಂ ಜೋಡಿಗೆ 80ರ ಹತ್ತಿರ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕಿ, ಮೇಲಿನ ಎಳೆಗೆ 150, 200ರವರೆಗೂ ಏರಿಸಿ. ಡ್ರಾಪ್ ಡಿ ಶ್ರುತಿಯವರಿಗೆ ಕೆಳತಂತಿ 73ಕ್ಕೆ ಇಳಿಯುತ್ತದೆ, ಅಷ್ಟು ಲೆಕ್ಕ ಹಾಕಿಕೊಳ್ಳಿ. ಬೇಸ್ ಗಿಟಾರ್ ಈಗ ಎದ್ದು ಬರಬೇಕು. ಬರದಿದ್ದರೆ ಈಕ್ಯೂ ತಿರುಗಿಸುತ್ತಾ ಕೂರಬೇಡಿ. ಒಂದೊಂದೇ ಪದರ ಮ್ಯೂಟ್ ಮಾಡುತ್ತಾ ಹೋಗಿ, ಯಾವುದು ಹೋದಾಗ ಹಾಡು ತೆರೆದುಕೊಂಡಿತೋ ಅದಕ್ಕೆ ಬೇರೆ ಮೈಕ್ ಜಾಗದಲ್ಲಿ ಮತ್ತೆ ನುಡಿಸಿ. ಫೋಟೊ ಇದೆಯಲ್ಲ.

ಆಂಪ್ ಸದ್ದೇ ಮಾಡಲಾಗದ ಮನೆಯಲ್ಲಿರುವವರಿಗೆ ಸಾಫ್ಟ್‌ವೇರ್ ಆಂಪ್ ಇದೆ. ಅದರಲ್ಲೂ ಕ್ಯಾಬಿನೆಟ್, ಮೈಕ್, ಜಾಗ ಆರಿಸುವ ಪಟ್ಟಿ ಇರುತ್ತದೆ. ಮೇಲೆ ಹೇಳಿದ್ದೆಲ್ಲ ಅಲ್ಲೂ ನಡೆಯುತ್ತದೆ: ರಿದಂಗೆ 57, ಮೇಲಿನ ಎಳೆಗೆ ರಿಬ್ಬನ್. ಲಕ್ಷದ ಮೈಕ್ ಇಲ್ಲಿ ಪುಕ್ಕಟೆ ಸಿಗುತ್ತದೆ, ಆ ಸಂತೋಷವೂ ಉಂಟು.

ಕೊಳ್ಳುವುದು, ಕಾಪಾಡುವುದು

ಮೊದಲು 57, ಆಮೇಲೆ ಇ906 ಅಥವಾ 421, ಕೊನೆಗೆ ರಿಬ್ಬನ್. ಧೋಬಿ ತಲಾವ್‌ನಲ್ಲಿರುವ, 1865ರಲ್ಲಿ ಶುರುವಾದ ಫುರ್ಟಾಡೋಸ್‌ನಂಥ ಅಂಗಡಿಗೆ ಒಮ್ಮೆ ಹೋಗಿ ಕೈಯಲ್ಲಿ ಹಿಡಿದು ನೋಡಿ. 57ರ ನಕಲಿ ಮಾಲು ಬಹಳ ಓಡಾಡುತ್ತದೆ. ಅಸಲಿ ಮೈಕ್ 284 ಗ್ರಾಂ ತೂಗುತ್ತದೆ, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ನಕಲಿ ಎಷ್ಟೋ ಸಲ ಹಗುರ. ಸೆಕೆಂಡ್ ಹ್ಯಾಂಡ್ ತರುವಾಗ ಅಡುಗೆಮನೆಯ ತಕ್ಕಡಿ ಜೊತೆಗಿರಲಿ, ಮಾರುವವರು ನಕ್ಕರೆ ನಗಲಿ. ರಿಬ್ಬನ್ ಒಂದು ದಿನಕ್ಕೆ ಬಾಡಿಗೆಗೆ ತಂದು, ಆ ದಿನ ಅದರ ಪದರಗಳನ್ನೆಲ್ಲ ಒಟ್ಟಿಗೆ ಮುಗಿಸುವುದು ಜಾಣತನ. ಕೇಬಲ್ ಮತ್ತು ಎಕ್ಸ್‌ಎಲ್‌ಆರ್ ಪ್ಲಗ್ಗಿಗೆ (ಮೈಕಿನ ಮೂರು ಪಿನ್ನಿನ ಪ್ಲಗ್) ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಬೆಸುಗೆ ಬರುವವರು ಅರ್ಧ ದುಡ್ಡಿನಲ್ಲಿ ಕೇಬಲ್ ಮಾಡಿಕೊಳ್ಳಬಹುದು.

ರಿಬ್ಬನ್ ಮನೆಗೆ ಬಂದ ದಿನ ಇಂಟರ್‌ಫೇಸಿನ 48 ವೋಲ್ಟ್ ಬಟನ್ ಆಫ್ ಇದೆಯಾ ಅಂತ ಎರಡು ಸಲ ನೋಡಿ, ಆಮೇಲೆ ಕೇಬಲ್ ಚುಚ್ಚಿ. ಕೇಬಲಿನ ವೈರ್ ತಪ್ಪಿದ್ದರೆ ಆ ಕರೆಂಟು ಹಾಳೆಯನ್ನು ಎಳೆದು ಹಾಕಬಹುದು. ಮೈಕಿಗೆ ಊದಬೇಡಿ, ಫ್ಯಾನಿನ ಕೆಳಗೆ ಇಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನ ತೇವ ಕಂಡೆನ್ಸರಿನ ಶತ್ರು. ಒಳಗೆ ತೇವ ಕೂತರೆ ಚಟಪಟ ಸದ್ದು ಶುರುವಾಗುತ್ತದೆ. ಅಡುಗೆಮನೆಯಲ್ಲಿ ಬಳಸುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮೈಕ್ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ತಂದರೆ ಯಾವಾಗ ಹೊಸದು ಹಾಕಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಡಬ್ಬದಿಂದ ತೆಗೆದ ಕೂಡಲೇ ರೆಕಾರ್ಡ್ ಮಾಡಬೇಡಿ, ತಣ್ಣನೆಯ ಎಸಿ ರೂಮಿನಿಂದ ಸೆಕೆಗೆ ತಂದಿದ್ದರಂತೂ ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಕೇಬಲ್ ಹಾಕಿ.